ಕಳೆದ ಗ್ರಂಥವೂ ಕಾದಂಬರಿಕಾರನೂ: ಮಣ್ಣೆಯ ಗಜಾಷ್ಟಕವನ್ನು ಕುರಿತ ಒಂದು ವಿಚಾರ

ನಷ್ಟವಾದ ಪ್ರಾಚೀನ ಗ್ರಂಥವೊಂದರ ಅನ್ವೇಷಣೆಯನ್ನೇ ವಸ್ತುವಾಗಿ ಉಳ್ಳ ಚಾರಿತ್ರಿಕ ಕಾದಂಬರಿಗಳಲ್ಲಿ ಇಟಲಿಯ ಉಂಬರ್ತೊ ಎಕೊ ಎಂಬಾತನು 1980ರಲ್ಲಿ ಪ್ರಕಟಿಸಿದ ‘ಗುಲಾಬಿಯ ಹೆಸರು’ ಅಗ್ರಗಣ್ಯವಾದುದು. ಕಥೆ ನಡೆಯುವುದು 1327ರಲ್ಲಿ, ಬೆಟ್ಟದ ಮೇಲಣ ಕ್ರೈಸ್ತ ಮಠವೊಂದರಲ್ಲಿ. ಅರಿಸ್ಟಾಟಲನ ಕಾವ್ಯಮೀಮಾಂಸೆಯ ಎರಡನೆಯ ಭಾಗವು, ಎಂದರೆ ಹಾಸ್ಯವನ್ನು ಕುರಿತದ್ದೆಂದು ನಂಬಲಾದ ಭಾಗವು, ಅಲ್ಲಿಯ ಪುಸ್ತಕಭಂಡಾರದಲ್ಲಿ ಅಡಗಿರುವುದು. ನಗೆಯು ಭಯವನ್ನು ಕಳೆಯುವುದು, ಭಯವಿಲ್ಲದೆ ಧರ್ಮವು ನಿಲ್ಲದು ಎಂದು ತಿಳಿದ ಅಂಧವೃದ್ಧನೊಬ್ಬನು ಅದರ ಹಾಳೆಗಳಿಗೆ ವಿಷವನ್ನು ಲೇಪಿಸಿರುವನು. ಕೊನೆಗೆ ಗ್ರಂಥವೂ ಭಂಡಾರವೂ ಬೆಂಕಿಗೆ ಆಹುತಿಯಾಗುವುವು.

ಗ್ರಂಥನಾಶಕ್ಕೆ ಒಂದು ಸಿದ್ಧಾಂತವನ್ನು ಕಾರಣವಾಗಿ ಕೊಟ್ಟಿರುವುದು ಈ ಕೃತಿಯ ಹಿರಿಮೆ. ಅದರ ಮಿತಿಯೂ ಅಲ್ಲಿಯೇ ಇದೆ: ಗ್ರಂಥವು ನಾಶವಾಗಬೇಕಾದರೆ ಒಬ್ಬ ವೈರಿಯು ಇರಲೇಬೇಕೆಂದು ವಾಚಕರು ಭಾವಿಸುವಂತಾಗುತ್ತದೆ. ಕನ್ನಡದಲ್ಲಿ ಕೆ. ಎನ್. ಗಣೇಶಯ್ಯನವರ ‘ಕರಿಸಿರಿಯಾನ’ವು ವಿಜಯನಗರದ ಸಂಪತ್ತಿನ ಶೋಧವನ್ನು ಕಥೆಯಾಗಿಸಿದೆ. ಹೊನ್ನನ್ನು ಅರಸುವ ಈ ಮಾರ್ಗವನ್ನೇ ಓಲೆಯನ್ನು ಅರಸುವವನೂ ಹಿಡಿಯಬಹುದೇ ಎಂಬುದು ಇಲ್ಲಿಯ ಪ್ರಶ್ನೆ.

ಇದನ್ನು ಪರೀಕ್ಷಿಸಲು ನೆಲಮಂಗಲ ತಾಲ್ಲೂಕಿನ ಮಣ್ಣೆಗಿಂತ ಉಚಿತವಾದ ಸ್ಥಳವಿಲ್ಲ. ಇದೇ ಗಂಗರ ಮಾನ್ಯಪುರ, ಶ್ರೀಪುರುಷನ ರಾಜನಿವಾಸ. ಇಲ್ಲಿ ದೊರೆತ 797 ಮತ್ತು 802ರ ತಾಮ್ರಶಾಸನಗಳು ವಿದ್ವಾಂಸರಿಗೆ ಪರಿಚಿತವಾದುವು. ಶ್ರೀಪುರುಷನ ಮಗ ಸೈಗೊಟ್ಟ ಶಿವಮಾರನು ರಾಷ್ಟ್ರಕೂಟರಿಂದ ಬಂಧಿತನಾಗಿ, ಬಿಡುಗಡೆಗೊಂಡು, ಮತ್ತೆ ಸೆರೆಗೆ ಬಿದ್ದವನು. ಇವನೇ ‘ಗಜಾಷ್ಟಕ’ದ ಕರ್ತೃ. ಕೃತಿ ಇಂದು ಲಭ್ಯವಿಲ್ಲ. ಅರಸು, ಸೆರೆಮನೆ, ಆನೆ, ಕಾಣೆಯಾದ ಕಾವ್ಯ: ಸಾಹಸಕಥೆಗೆ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿ ಉಂಟು.

ಆದರೆ ಹನ್ನೊಂದನೆಯ ಶತಮಾನದ ಶಾಸನವೊಂದು ಬೇರೊಂದು ದಾರಿಯನ್ನು ತೋರಿಸುತ್ತದೆ. ಗಜಾಷ್ಟಕವು ಓವನಿಗೆಯೂ ಒನಕೆವಾಡೂ ಆಯಿತೆಂದು ಅದು ಹೇಳುವುದು. ಎಂದರೆ ಅರಸನ ಕೃತಿ ಭತ್ತ ಕುಟ್ಟುವವರ ನಾಲಗೆಗೆ ಇಳಿಯಿತು. ಇದನ್ನು ಬಚ್ಚಿಟ್ಟ ವೈರಿಯು ಯಾವನು? ಯಾವನೂ ಅಲ್ಲ. ಕನ್ನಡ ನಾಡಿನಲ್ಲಿ ಓಲೆಗೆ ಪ್ರಬಲ ಶತ್ರುಗಳು ಹುಳುವೂ ತೇವವೂ ಮರುಪ್ರತಿಯಿಲ್ಲದ ಒಂದೆರಡು ತಲೆಮಾರುಗಳೂ ಆಗಿವೆ. ಕವಿರಾಜಮಾರ್ಗವು ಹೆಸರಿಸಿದ ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯವೂ ನಮಗೆ ಉಳಿದುಬಂದಿಲ್ಲ. ಬಾಯಲ್ಲಿ ಬಾಳುವುದನ್ನು ಬರೆದಿಡಬೇಕೆಂದು ಯಾರಿಗೂ ತೋರದೆ ಹೋಗುವುದೂ ಸಂಭವವೇ.

ದೊರೆತ ಗ್ರಂಥದ ಕಥೆಯೂ ಇದಕ್ಕೆ ಅನುಗುಣವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಯಾವ ಸುರಂಗದಿಂದಲೂ ಹೊರಬರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಪ್ರತಿಯನ್ನು ಒಪ್ಪಿಸಿದರು, ಅಲ್ಲಿಯ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. ಎಕೊವಿನ ವೃದ್ಧನು ಪುಸ್ತಕವನ್ನು ಕಾಯುವುದು ಮರೆಮಾಡುವುದಕ್ಕೆ. ಮೈಸೂರಿನ ಪುಸ್ತಕಾಲಯವು ಕಾದದ್ದು ಬೆಳಕಿಗೆ ತರುವುದಕ್ಕೆ. ಇಲ್ಲಿಯ ರೋಮಾಂಚವು ಕತ್ತಿಯದಲ್ಲ, ಗುರುತಿಸುವ ಕಣ್ಣಿನದು.

ಇದು ಕೇವಲ ರುಚಿಯ ವಿಷಯವೆಂದು ಭಾವಿಸಲಾಗದು. ನಿಧಿಯ ಆಸೆಯಿಂದ ಅಗೆದು ಕೆಡವಿದ ಗುಡಿಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಗ್ರಂಥವೂ ಗರ್ಭಗುಡಿಯ ಕಲ್ಲಿನಡಿ ಇರುವುದೆಂದು ಕಾದಂಬರಿಯು ಕಲಿಸಿದರೆ ಹಾರೆಗೆ ಮತ್ತೊಂದು ನೆವವನ್ನು ಒದಗಿಸಿದಂತೆ ಆಗುವುದು. ಗಜಾಷ್ಟಕವನ್ನು ಕುರಿತು ಕಾದಂಬರಿಯನ್ನು ಬರೆಯುವವನು ತನ್ನ ನಾಯಕನ ಕೈಗೆ ಹಾರೆಯನ್ನು ಕೊಡದಿರಲಿ. ಮಣ್ಣೆಯ ಪಾಳುಗುಡಿಗಳನ್ನು ಅವನು ನೋಡಲಿ, ಶಾಸನವನ್ನು ಓದಲಿ. ಅನಂತರ ಊರ ಅಂಗಳದಲ್ಲಿ ಕುಳಿತು ಹಾಡನ್ನು ಕೇಳಲಿ. ಗ್ರಂಥವು ಅವನಿಗೆ ದೊರೆಯದೆ ಹೋದರೂ ಕೃತಿಯು ಸೋಲದು. ಅದು ಹೇಗೆ ಕಳೆಯಿತೆಂಬುದನ್ನು ಅವನು ತಿಳಿದುಕೊಂಡರೆ ಸಾಕು.