ಗೆರೆ ಎರಡಾದರೆ ಸ್ಕೋಪ್ ಕೆಟ್ಟಿದೆಯೇ?

ರೈಫಲ್ ಸ್ಕೋಪಿನ ಕೆಂಪು ದೀಪ ಹಾಕಿದ ಕೂಡಲೇ ರೆಟಿಕಲ್, ಅಂದರೆ ಗುರಿ ಹಿಡಿಯುವ ಗೆರೆ, ಎರಡಾಗಿ ಕಂಡರೆ, ಅಥವಾ ಅದರ ಅಂಚು ಮಸುಕಾಗಿ ಹರಡಿದರೆ, ಶೂಟಿಂಗ್ ರೇಂಜಿನಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ಅಗ್ಗದ ಮಾಲು, ಗಾಜು ಸರಿಯಿಲ್ಲ, ವಾಪಸ್ ಕಳಿಸಿ ದುಬಾರಿಯದನ್ನು ತಗೊಳ್ಳಿ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವ ಮೊದಲೇ ದುಡ್ಡು ಬಿಚ್ಚಿಸುವ ಸಲಹೆ ಅದು. ಎಷ್ಟೋ ಸಲ ದೋಷ ಸ್ಕೋಪಿನೊಳಗೆ ಇರುವುದೇ ಇಲ್ಲ, ನೋಡುವವರ ಕಣ್ಣಿನಲ್ಲಿರುತ್ತದೆ.

ಕಣ್ಣಿನ ಕಾರ್ನಿಯಾ ಅಥವಾ ಒಳಗಿನ ಮಸೂರ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದಿದ್ದರೆ, ಬೆಳಕಿನ ಚುಕ್ಕೆ ಒಂದು ಕಡೆಗೆ ಎಳೆದುಕೊಂಡು ಬಾಲ ಬಿಡುತ್ತದೆ, ಕೆಲವರಿಗೆ ಜೋಡಿಯಾಗಿಯೇ ಕಾಣುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್, ಆಕ್ಸಿಸ್ ಎಂಬ ಎರಡು ಕಾಲಂಗಳಿರುವುದು ಇದಕ್ಕಾಗಿಯೇ. ವಿಜ್ಞಾನಿ ಥಾಮಸ್ ಯಂಗ್ 1801ರಲ್ಲೇ ತನ್ನ ಕಣ್ಣಿನಲ್ಲಿದ್ದ ಈ ದೋಷವನ್ನು ವಿವರಿಸಿದ್ದ. ಖಗೋಳಜ್ಞ ಜಾರ್ಜ್ ಏರಿ 1820ರ ದಶಕದಲ್ಲಿ ತನ್ನ ಎಡಗಣ್ಣಿಗೆ ಸಿಲಿಂಡರ್ ಮಸೂರ ಮಾಡಿಸಿಕೊಂಡ.

‘ಹಗಲಲ್ಲಿ ಕಪ್ಪು ಗೆರೆ ಚೆನ್ನಾಗಿಯೇ ಕಾಣುತ್ತದಲ್ಲ, ದೀಪ ಹಾಕಿದಾಗ ಮಾತ್ರ ಕೆಡುತ್ತದೆ, ಹಾಗಾದರೆ ದೀಪದ್ದೇ ತಪ್ಪು’ ಎಂಬ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ಆದರೆ ಹಗಲಲ್ಲಿ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಸಣ್ಣಪುಟ್ಟ ದೋಷ ಅದರಲ್ಲೇ ಮುಚ್ಚಿಹೋಗುತ್ತದೆ. ದೀಪ ಬೇಕಾಗುವುದು ಮಬ್ಬುಗತ್ತಲಲ್ಲಿ, ಪಾಪೆ ಅರಳುವುದೂ ಆಗಲೇ. ಅದರ ಮೇಲೆ ಬೆಳಕನ್ನು ಪೂರ್ತಿ ಏರಿಸಿಟ್ಟರೆ ಯಾವ ಕಣ್ಣಿಗೂ ಗೆರೆ ದಪ್ಪವಾಗಿ ಹರಡಿಯೇ ಕಾಣುತ್ತದೆ. ಹಾಗಾಗಿ ಮೊದಲು ಬೆಳಕನ್ನು, ಗುರಿಯ ಮೇಲೆ ಗೆರೆ ಕಂಡರೆ ಸಾಕು ಎನ್ನುವಷ್ಟಕ್ಕೆ ಇಳಿಸಬೇಕು.

ಇನ್ನೊಂದು ತಪ್ಪು ಸಲಹೆ, ಗೆರೆ ಮಸುಕಾದರೆ ಪ್ಯಾರಲಾಕ್ಸ್ ನಾಬ್ ತಿರುಗಿಸಿ ಎಂಬುದು. ಆ ನಾಬ್ ಗುರಿಯ ಬಿಂಬವನ್ನು ರೆಟಿಕಲ್ ಇರುವ ತಲಕ್ಕೆ ತರುತ್ತದೆ, ಅಷ್ಟೆ. ಗೆರೆಯನ್ನು ಸ್ಪಷ್ಟಗೊಳಿಸುವುದು ಕಣ್ಣಿನ ಬದಿಯ ಡಯಾಪ್ಟರ್ ರಿಂಗ್. ಬಿಳಿ ಗೋಡೆಯ ಕಡೆಗೋ ಸೂರ್ಯನಿಲ್ಲದ ಬರಿ ಆಕಾಶದ ಕಡೆಗೋ ಸ್ಕೋಪ್ ಹಿಡಿದು, ಒಂದೆರಡು ಕ್ಷಣ ನೋಡಿ, ಕಣ್ಣು ತೆಗೆದು, ರಿಂಗನ್ನು ತುಸು ತಿರುಗಿಸಿ ಮತ್ತೆ ನೋಡಬೇಕು. ದಿಟ್ಟಿಸುತ್ತಲೇ ಇದ್ದರೆ ಕಣ್ಣು ತಾನಾಗಿ ಹೊಂದಿಕೊಂಡು ಮೋಸಮಾಡುತ್ತದೆ. ಆದರೆ ಡಯಾಪ್ಟರ್ ಸರಿಪಡಿಸುವುದು ಸಾದಾ ಪ್ಲಸ್-ಮೈನಸ್ ಪವರನ್ನು ಮಾತ್ರ, ಸಿಲಿಂಡರ್ ಅದರ ಕೈಗೆ ಸಿಗುವುದಿಲ್ಲ.

ಮೊಬೈಲಿನಲ್ಲಿ ಫೋಟೊ ತೆಗೆದು ನೋಡುವ ಪರೀಕ್ಷೆ ಜನಪ್ರಿಯ. ಫೋಟೊದಲ್ಲಿ ಗೆರೆ ಚೊಕ್ಕವಾಗಿ ಬಂದರೆ ಸ್ಕೋಪ್ ನಿರ್ದೋಷಿ ಎನ್ನಬಹುದು. ಚೆದುರಿ ಬಂದರೆ ಏನೂ ಸಾಬೀತಾಗದು, ಏಕೆಂದರೆ ಕತ್ತಲಲ್ಲಿ ಕ್ಯಾಮೆರಾ ತಾನೇ ಬೆಳಕನ್ನು ಹೆಚ್ಚಾಗಿ ಹಿಡಿಯುತ್ತದೆ. ರಟ್ಟಿಗೆ ಸೂಜಿತೂತು ಮಾಡಿ ಅದರ ಮೂಲಕ ನೋಡುವುದೂ ಹಾಗೆಯೇ: ಆ ತೂತು ಕಣ್ಣಿನ ದೋಷವನ್ನೂ ಗಾಜಿನ ದೋಷವನ್ನೂ ಒಟ್ಟಿಗೆ ಮರೆಮಾಡುತ್ತದೆ.

ನಾನು ನಂಬುವ ಪರೀಕ್ಷೆ ಬೇರೆ. ಛೇಂಬರ್ ಖಾಲಿಯಿದೆ ಎಂದು ಕಣ್ಣಾರೆ ನೋಡಿ, ಸುರಕ್ಷಿತ ದಿಕ್ಕಿಗೆ ಮುಖಮಾಡಿ ರೈಫಲನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಇಡಿ. ಸ್ಕೋಪಿನೊಳಗೆ ನೋಡುತ್ತ ತಲೆಯನ್ನು ನಿಧಾನವಾಗಿ ಒಂದು ಭುಜದ ಕಡೆಗೆ ವಾಲಿಸಿ. ಬೆಳಕಿನ ಬಾಲ ತಲೆಯ ಜೊತೆಗೇ ತಿರುಗಿದರೆ ದೋಷ ಕಣ್ಣಿನದು. ಅದು ಇದ್ದಲ್ಲೇ ನಿಂತರೆ ಸ್ಕೋಪಿನದು. ಎರಡನೆಯ ಗೆರೆ ಪೇಲವವಾಗಿದ್ದು, ಕಣ್ಣನ್ನು ಅತ್ತಿತ್ತ ಸರಿಸಿದಾಗ ಅಸಲಿ ಗೆರೆಯಿಂದ ಜಾರಿದರೆ, ಅದು ಮಸೂರಗಳ ನಡುವೆ ಪ್ರತಿಫಲಿಸಿದ ಬೆಳಕು; ಆಗ ಮಾರಿದವರನ್ನು ಧಾರಾಳವಾಗಿ ತರಾಟೆಗೆ ತೆಗೆದುಕೊಳ್ಳಿ.

ದೋಷ ಕಣ್ಣಿನದಾದರೆ ಕನ್ನಡಕ ಹಾಕಿಕೊಂಡೇ ಗುರಿ ಹಿಡಿಯಬೇಕು. ಇಲ್ಲೊಂದು ತೊಡಕಿದೆ. ಕೆನ್ನೆಯನ್ನು ಬಂದೂಕಿನ ಹಿಡಿಗೆ ಒತ್ತಿದಾಗ ತಲೆ ಬಾಗಿ, ನೋಟ ಕನ್ನಡಕದ ನಡುವಿನಿಂದಲ್ಲದೆ ಮೂಗಿನ ಬದಿಯ ಮೇಲ್ಮೂಲೆಯಿಂದ ಹಾಯುತ್ತದೆ. ಆ ಜಾಗದಲ್ಲಿ ಪವರ್ ಸರಿಯಾಗಿ ಸಿಗದಿದ್ದರೆ ಗೆರೆ ಮತ್ತೆ ಚೆದುರುತ್ತದೆ. ಆದ್ದರಿಂದ ಕನ್ನಡಕ ಮಾಡಿಸುವಾಗ, ತಲೆ ಹೇಗೆ ಬಾಗಿಸಿ ನೋಡುತ್ತೀರಿ ಎಂಬುದನ್ನು ಅಂಗಡಿಯಲ್ಲೇ ಮಾಡಿ ತೋರಿಸಿ, ಅದಕ್ಕೆ ತಕ್ಕಂತೆ ಮಸೂರದ ಕೇಂದ್ರ ಗುರುತಿಸಲು ಹೇಳಿ.