ಒಂದೇ ಕೃತಿ, ಮೂರು ಸಲ: ಜಾಝ್ ಕೇಳಲು ಕೂತವರಿಗೆ

ಕಚೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕುವವರೂ ಜಾಝ್ ಎಂದರೆ ಎದ್ದು ಹೋಗುವುದುಂಟು. ‘ಎಲ್ಲಿ ಶುರು, ಎಲ್ಲಿ ಮುಗಿತಾಯ, ಒಂದೂ ಗೊತ್ತಾಗುವುದಿಲ್ಲ’ ಎಂಬುದು ಅವರ ದೂರು. ಅದಕ್ಕೆ ಮದ್ದು ಆ ತಾಳ ಹಾಕುವ ಕೈಯಲ್ಲೇ ಇದೆ. ಇಪ್ಪತ್ತು ಆಲ್ಬಮ್ ಕೇಳಿ ಗೊಂದಲ ಮಾಡಿಕೊಳ್ಳುವುದು ಬೇಡ. ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ಕೃತಿ ‘ಸೋ ವಾಟ್’ ಸಾಕು. ಒಂಬತ್ತು ನಿಮಿಷ ಚಿಲ್ಲರೆ. ಮೂರು ಸಲ ಕೇಳೋಣ.

ಅದಕ್ಕೂ ಮುನ್ನ ಒಂದಿಷ್ಟು ಹಿನ್ನೆಲೆ. 1930ರ ದಶಕದ ಅಮೆರಿಕದಲ್ಲಿ ಜಾಝ್ ಎಂದರೆ ಕುಣಿತದ ಸಂಗೀತ. ದೊಡ್ಡ ದೊಡ್ಡ ಮೇಳಗಳು, ತುಂಬಿದ ನೃತ್ಯಶಾಲೆಗಳು. ಯುದ್ಧ ಬಂದು ವಾದಕರು ಸೈನ್ಯಕ್ಕೆ ಹೋದರು. 1944ರಲ್ಲಿ ಸರ್ಕಾರ ನೃತ್ಯ, ಗಾಯನಗಳಿರುವ ಕ್ಲಬ್ಬುಗಳ ಮೇಲೆ ಶೇ. 30ರ ತೆರಿಗೆ ಹಾಕಿತು. ಬರೀ ವಾದ್ಯ ನುಡಿಸಿದರೆ ತೆರಿಗೆಯಿಲ್ಲ! ಅಷ್ಟರಲ್ಲಾಗಲೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ, ಥೆಲೋನಿಯಸ್ ಮಂಕ್, ಡಿಜ್ಜಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಮೊದಲಾದವರು ಕೆಲಸ ಮುಗಿದ ಮೇಲೆ ತಮ್ಮ ಖುಷಿಗೆ ನುಡಿಸುತ್ತ ಕೂರುತ್ತಿದ್ದರು. ಹಳೆಯ ಜನಪ್ರಿಯ ಹಾಡಿನ ಸ್ವರಗುಚ್ಛಗಳ (ಕಾರ್ಡ್) ಚೌಕಟ್ಟನ್ನು ಉಳಿಸಿಕೊಂಡು, ಅದರ ಮೇಲೆ ಮಿಂಚಿನ ವೇಗದ ಹೊಸ ರಾಗ ಕಟ್ಟುವುದು ಅವರ ಪಟ್ಟು. ಇದೇ ಬೀಬಾಪ್. ಕುಣಿಯುವವರಿಗೆ ಕಾಲು ಸಿಗಲಿಲ್ಲ. ಜನ ಕೂತು ಕೇಳತೊಡಗಿದರು. ಆಧುನಿಕ ಜಾಝ್ ಹೀಗೆ ‘ಕಚೇರಿ’ಯಾಯಿತು.

ಈಗ ಕೇಳೋಣ. ಫೋನಿನ ಪುಟ್ಟ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ. ಈ ಕೃತಿಯ ಪಲ್ಲವಿಯನ್ನು ನುಡಿಸುವುದೇ ಬಾಸ್. ಅದು ಕೇಳಿಸದಿದ್ದರೆ ಕೃತಿಯೇ ಇಲ್ಲ.

ಮೊದಲ ಸಲ: ಎಣಿಸಿ

ಶುರುವಿನ ಅರ್ಧ ನಿಮಿಷ ಪಿಯಾನೋ, ಬಾಸ್ ಎರಡೂ ತಾಳವಿಲ್ಲದೆ ಅಡ್ಡಾಡುತ್ತವೆ. ಚಿಕ್ಕದೊಂದು ಆಲಾಪನೆ ಎಂದುಕೊಳ್ಳಿ. ಆಮೇಲೆ ಪಾಲ್ ಚೇಂಬರ್ಸ್ ಬಾಸಿನಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಪಿಯಾನೋ ಎರಡೇ ಹೊಡೆತದಲ್ಲಿ ಉತ್ತರಿಸುತ್ತದೆ. ಮುಂದೆ ಟ್ರಂಪೆಟ್, ಸ್ಯಾಕ್ಸೊಫೋನುಗಳೂ ಆ ಉತ್ತರಕ್ಕೆ ದನಿಗೂಡಿಸುತ್ತವೆ. ಇಲ್ಲಿಂದ ಆದಿತಾಳ ಹಾಕಿ. ನಾಲ್ಕು ಆವರ್ತನ ಒಂದು ಭಾಗ. ಅದೇ ಭಾಗ ಇನ್ನೊಮ್ಮೆ. ಮೂರನೆಯ ಭಾಗದಲ್ಲಿ ಎಲ್ಲವೂ ಅರ್ಧ ಸ್ವರ ಮೇಲೇರುತ್ತದೆ. ನಾಲ್ಕನೆಯದರಲ್ಲಿ ಮರಳಿ ಕೆಳಗೆ. ಒಟ್ಟು ಹದಿನಾರು ಆವರ್ತನಕ್ಕೆ ಒಂದು ಸುತ್ತು. ಕೃತಿಯುದ್ದಕ್ಕೂ ಇದೇ ಸುತ್ತು ತಿರುಗುತ್ತಿರುತ್ತದೆ.

ಇದರ ಸ್ವರಗಳು ನಮಗೆ ಹೊಸವಲ್ಲ. ಪಾಶ್ಚಾತ್ಯರು ಡೋರಿಯನ್ ಎನ್ನುವ ಈ ಶ್ರೇಣಿಯ ಸ್ವರಸ್ಥಾನಗಳೇ ನಮ್ಮ ಖರಹರಪ್ರಿಯದವು. ಹಾಗೆಂದು ರಾಗ ಹುಡುಕಲು ಹೋಗಬೇಡಿ. ಇಲ್ಲಿ ಗಮಕವಿಲ್ಲ, ರಾಗದ ಜಾಡಿಲ್ಲ. ಮೇಲಾಗಿ ಮೂರನೆಯ ಭಾಗದಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ತಂಬೂರಿಗೆ ಪಳಗಿದ ಕಿವಿಗೆ ಅದು ಕಾಲಡಿಯ ಚಾಪೆ ಜಾರಿದಂತೆ. ಆ ಜಾರುವಿಕೆಯನ್ನು ಕಾದು ಹಿಡಿದಿರೆಂದರೆ ಅರ್ಧ ಜಾಝ್ ಕೈಗೆ ಬಂದಂತೆ.

ಎರಡನೆಯ ಸಲ: ಒಬ್ಬೊಬ್ಬರ ಹಿಂದೆ ಹೋಗಿ

ಪಲ್ಲವಿಯ ಸುತ್ತು ಮುಗಿದು, ಡ್ರಮ್ ವಾದಕ ಜಿಮ್ಮಿ ಕಾಬ್ ತಾಳತಟ್ಟೆಗೆ ಜೋರಾಗಿ ಒಂದು ಏಟು ಕೊಡುತ್ತಾರೆ. ಅದರ ಝೇಂಕಾರದ ಮೇಲೆ ತೇಲುತ್ತ ಟ್ರಂಪೆಟ್ ಹಿಡಿದು ಮೈಲ್ಸ್ ಡೇವಿಸ್ ಬರುತ್ತಾರೆ. ಎರಡು ಸುತ್ತು ಅವರದು. ಸ್ವರಗಳಿಗಿಂತ ನಡುವೆ ಬಿಟ್ಟ ಜಾಗ ಹೆಚ್ಚು. ಮಿತಭಾಷಿ ಹಿರಿಯರ ಮಾತಿನಂತೆ. ಮುಂದಿನ ಎರಡು ಸುತ್ತು ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್: ಅದೇ ಶ್ರೇಣಿ, ಆದರೆ ಒಂದು ಉಸಿರಿನಲ್ಲಿ ಎಲ್ಲ ಹೇಳಿಬಿಡುವ ತವಕ. ಆಮೇಲೆ ಎರಡು ಸುತ್ತು ಇನ್ನೊಂದು ಸ್ಯಾಕ್ಸೊಫೋನಿನಲ್ಲಿ ಕ್ಯಾನನ್‌ಬಾಲ್ ಆಡರ್ಲಿ, ಹರಟೆಗೆ ಕೂತವರ ಲವಲವಿಕೆ. ಕೊನೆಗೆ ಪಿಯಾನೋದಲ್ಲಿ ಬಿಲ್ ಎವನ್ಸ್, ಒಂದೇ ಸುತ್ತು, ಕಲ್ಪನಾಸ್ವರ ಎಂದು ಕರೆಯಲೂ ಹಿಂಜರಿಯುವಷ್ಟು ಸಂಕೋಚ. ಚೌಕಟ್ಟು ಒಂದೇ, ಸ್ವಭಾವ ನಾಲ್ಕು. ಯಾರು ಚೆನ್ನಾಗಿ ನುಡಿಸಿದರು ಎಂದಲ್ಲ, ಯಾರು ಹೇಗೆ ಯೋಚಿಸುತ್ತಾರೆ ಎಂದು ಕೇಳಿಕೊಳ್ಳಿ.

ಮೂರನೆಯ ಸಲ: ಹಿಂದಿನ ಸಾಲಿಗೆ ಕಿವಿಗೊಡಿ

ಈ ಸಲ ಮುಂದಿನವರನ್ನು ಮರೆತು ಬಾಸನ್ನೇ ಹಿಡಿಯಿರಿ. ಎಣಿಕೆಗೊಂದು ಹೆಜ್ಜೆಯಿಡುತ್ತ ನಡೆಯುವ ಈ ಬಾಸ್ ನಿಂತರೆ ಎಲ್ಲ ಕುಸಿಯುತ್ತದೆ. ಎವನ್ಸ್ ನುಡಿಸುವಾಗ ಹಿಂದಿನಿಂದ ಊದುವಾದ್ಯಗಳು ಪಲ್ಲವಿಯ ಆ ಎರಡು ಹೊಡೆತವನ್ನೇ ನೆನಪಿಸುತ್ತಿರುತ್ತವೆ, ಅದನ್ನೂ ಗಮನಿಸಿ. ಪಕ್ಕವಾದ್ಯದ ಮರ್ಯಾದೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಇನ್ನು ಸ್ಟುಡಿಯೋದ ಹೊರಗೆ ಕಪ್ಪು ವಾದಕರ ಪಾಡಿನ ಕತೆ. ಆಲ್ಬಮ್ ಬಿಡುಗಡೆಯಾಗಿದ್ದು 1959ರ ಆಗಸ್ಟ್ 17ರಂದು. ಎರಡು ವಾರ ಕಳೆಯುವ ಮೊದಲೇ ಡೇವಿಸ್ ತಾವು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಎದುರು ಬಿಡುವಿನಲ್ಲಿ ನಿಂತಿದ್ದಾಗ ಪೊಲೀಸರು ತಲೆ ಒಡೆಯುವಂತೆ ಹೊಡೆದು ಬಂಧಿಸಿದರು. ಕ್ಲಬ್ಬಿನ ಬಾಗಿಲ ಮೇಲೆ ಅವರದೇ ಹೆಸರಿತ್ತು. ಮಂಕ್ ಅವರಂತೂ 1951ರಲ್ಲಿ ಪೊಲೀಸರು ಪರವಾನಗಿ ಕಸಿದುಕೊಂಡಿದ್ದರಿಂದ ಸುಮಾರು ಆರು ವರ್ಷ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. ಕಪ್ಪು ಮಕ್ಕಳನ್ನು ಶಾಲೆಗೆ ಬಿಡದ ಅರ್ಕಾನ್ಸಾಸ್ ಗವರ್ನರ್ ಫಾಬಸ್‌ನನ್ನು ಅಣಕಿಸಿ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ‘ಫೇಬಲ್ಸ್ ಆಫ್ ಫಾಬಸ್’ ರಚಿಸಿದರು. 1959ರ ಮುದ್ರಣದಲ್ಲಿ ಸಾಹಿತ್ಯವಿಲ್ಲ. ಮಾತು ಸೇರಿದ್ದು ಮರುವರ್ಷ, ಬೇರೆ ಕಂಪನಿಯಲ್ಲಿ. ಇದನ್ನೆಲ್ಲ ತಿಳಿಯಬೇಕಾದ್ದು ಮರುಗಲಿಕ್ಕಲ್ಲ. ‘ಸೋ ವಾಟ್’ನ ಆ ನಿರಾಳತೆ ಸುಮ್ಮನೆ ಬಂದದ್ದಲ್ಲ, ಪಟ್ಟು ಹಿಡಿದು ಗಳಿಸಿದ್ದು ಎಂದು ಅರಿಯಲಿಕ್ಕೆ.

ಮುಂದೇನು? ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಕೇಳಿ. ‘ತಕಿಟ ತಕ’ ಎಂದು ಐದೆಣಿಕೆ ಹಾಕಿದರೆ ಸರಿಯಾಗಿ ಕೂರುತ್ತದೆ. ಆಮೇಲೆ ಪಾರ್ಕರ್, ಮಂಕ್, ಮಿಂಗಸ್. ಮಿಂಗಸ್‌ರ 1963ರ ಆಲ್ಬಮ್ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ, ಮುಂದೆ ನಾಗಸ್ವರ ಕಲಿತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು. ಅದನ್ನು ಮೊದಲು ಕೇಳಬೇಡಿ, ಕೊನೆಗೆ ಕೇಳಿ. ಮೊದಲೇ ಕೇಳಿದರೆ ನಮ್ಮ ಸಂಗೀತ ಮಾತ್ರ ಕೇಳಿಸುತ್ತದೆ. ಕೊನೆಗೆ ಕೇಳಿದರೆ ಎರಡೂ ಕೇಳಿಸುತ್ತವೆ.