ವಿಧಾನಸೌಧದ ಶಿಲ್ಪ: ಒಂದು ವಿಮರ್ಶೆ

ವಿಧಾನಸೌಧವನ್ನು ಹೊಗಳುವುದು ಸುಲಭ. ಅದರ ಉದ್ದ 700 ಅಡಿ, ಅಗಲ 350 ಅಡಿ ಎಂದು ಬರೆದರೆ ಅರ್ಧ ಪ್ರಬಂಧವೇ ಮುಗಿಯಿತು. ಆದರೆ ಅಳತೆಯಿಂದ ಕಟ್ಟಡದ ಗಾತ್ರ ತಿಳಿದೀತೇ ಹೊರತು ಗುಣ ತಿಳಿಯದು.

1951ರ ಜುಲೈ 13ರಂದು ನೆಹರೂ ಅವರು ಅಡಿಗಲ್ಲನ್ನಿಟ್ಟಾಗ ಕೆ. ಸಿ. ರೆಡ್ಡಿಯವರ ಸರಕಾರದ ಮನಸ್ಸಿನಲ್ಲಿದ್ದುದು ಸರಳವಾದೊಂದು ಕಟ್ಟಡ. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಲಿಸಿದರು, ಬಿ. ಆರ್. ಮಾಣಿಕ್ಯಂ ಅವರು ಅದಕ್ಕೆ ರೂಪವಿತ್ತರು. ಎದುರಿಗೆ, 1868ರಲ್ಲಿ ಮುಗಿದ ಕೆಂಬಣ್ಣದ ಅಠಾರ ಕಚೇರಿ ಗ್ರೀಕರ ಮಾದರಿಯ ಕಂಬಗಳೊಡನೆ ನಿಂತಿದೆ. ಅದಕ್ಕೆ ಈ ನೆಲದ ಕಲ್ಲಿನಿಂದಲೇ ಮರುನುಡಿಯಬೇಕೆಂಬ ಛಲವನ್ನು ನಾವು ಸೌಧದ ಒಂದೊಂದು ಕಂಬದಲ್ಲಿಯೂ ಕಾಣುತ್ತೇವೆ. ಈ ಕಲ್ಲಿನ ಹಿಂದೆ ಸಾವಿರಾರು ಕೈದಿಗಳ ದುಡಿಮೆಯೂ ಇದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಲಾಗದು.

ಪೂರ್ವದ ಮುಖಮಂಟಪವೇ ಇಡೀ ಕೃತಿಯ ಶ್ರೇಷ್ಠ ಭಾಗ. ನಲವತ್ತು ಅಡಿ ಎತ್ತರದ ಹನ್ನೆರಡು ಕಂಬಗಳು, ಅವುಗಳ ಮುಂದೆ ವಿಶಾಲವಾದ ಸೋಪಾನ: ಇಲ್ಲಿ ಗಾಂಭೀರ್ಯವಿದೆ, ಆಡಂಬರವಿಲ್ಲ. ನಮ್ಮ ಸಂಶಯವಿರುವುದು ಒಟ್ಟು ಕಲ್ಪನೆಯ ವಿಷಯದಲ್ಲಿ. ಗುಡಿಯಲ್ಲಿ ಒಳಹೋದಂತೆಲ್ಲ ಬೆಳಕು ಕುಗ್ಗುತ್ತದೆ, ಮಾತು ನಿಲ್ಲುತ್ತದೆ. ಗರ್ಭಗುಡಿಗೆ ಅದು ಒಪ್ಪುವ ಕ್ರಮ. ವಿಧಾನಸಭೆಯಾದರೋ ಮಾತಿನ ಮನೆ. ಮೇಲೆ ಕೆತ್ತಿದ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ವಾಕ್ಯ ಅಧಿಕಾರಿಗೆ ಭಯಭಕ್ತಿಯನ್ನು ಕಲಿಸಲೆಂದೇ ಇರಬಹುದು. ಆದರೆ ಕಚೇರಿ ದೇವಾಲಯವಾದರೆ ಅರ್ಜಿ ಹಿಡಿದು ಬಂದ ರೈತ ಭಕ್ತನಾಗಿ ಕೈಮುಗಿಯಬೇಕೇ? ಪ್ರಜೆಗೆ ಒಪ್ಪುವ ನಿಲುವು ಅದಲ್ಲ. ಆ ಭವ್ಯ ಸೋಪಾನವನ್ನಂತೂ ದಾರಿಹೋಕರು ಬೇಲಿಯ ಹೊರಗಿನಿಂದಲೇ ನೋಡುತ್ತಾರೆ.

ಇನ್ನೊಂದು ಮಾತು. ಕನ್ನಡ ನಾಡಿನ ಶಿಲ್ಪವೆಂದರೆ ಬಯಲುಸೀಮೆಯ ಶಿಲ್ಪ ಮಾತ್ರವಲ್ಲ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯು ಕರಾವಳಿಯ ಮಳೆಗೆ ತಕ್ಕ ಇಳಿಜಾರು ಮಾಡನ್ನು ಹೊತ್ತು ನಿಂತಿದೆ. ಆ ಮಾಡಿನ ನೆರಳೂ ಸೌಧದ ಮೇಲೆ ಬಿದ್ದಿಲ್ಲ. ಇದು ಶಿಲ್ಪಿಯ ತಪ್ಪೆನ್ನಲಾರೆವು. ನಕ್ಷೆ ಸಿದ್ಧವಾದಾಗ ದಕ್ಷಿಣ ಕನ್ನಡವು ಮದ್ರಾಸಿನಲ್ಲಿತ್ತು, ನಮ್ಮ ಬಾಯಾರು ದಕ್ಷಿಣ ಕನ್ನಡದಲ್ಲಿತ್ತು. 1956ರಲ್ಲಿ ಸೌಧ ಪೂರ್ಣವಾಯಿತು. ಅದೇ ವರ್ಷ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯವನ್ನು ಸೇರಿತು, ಕಾಸರಗೋಡು ಕೇರಳವನ್ನು. ಬಾಯಾರಿನ ಪ್ರತಿನಿಧಿ ಮಾತನಾಡುವ ಸಭೆ ತಿರುವನಂತಪುರದಲ್ಲಿದೆ. ಅಲ್ಲಿಯ ಹೊಸ ಮಂದಿರ 1998ರಲ್ಲಿ ಉದ್ಘಾಟನೆಗೊಂಡಿತು. ಶಾಲಾ ಪ್ರವಾಸದಲ್ಲಿ ಅದನ್ನು ಕಂಡುಬಂದ ವಿದ್ಯಾರ್ಥಿಗಳು ಬರೆದು ಕಳುಹಿಸಿದರೆ ಈ ಪುಟದಲ್ಲಿಯೇ ಅಚ್ಚುಮಾಡುವೆವು.